ರವೆಯಂಥ ಕೆಸರು, ಕಳ್ಳಿ ತಿನ್ನುವ ಆಮೆ: ಟೆಕ್ಸಸ್ ಕಡಲಂಚಿನಲ್ಲಿ ನಾಲ್ಕು ದಿನ

ದಿಬ್ಬ ಅಂದರೆ ಮರಳು. ಕುಮಟಾ ಕಡೆಯ ಪಿಯು ಕಾಲೇಜಿನಲ್ಲಿ 31 ವರ್ಷ ಭೂಗೋಳ ಕಲಿಸುವಾಗ ನಾನು ಹೇಳಿಕೊಟ್ಟದ್ದು ಇಷ್ಟೇ. ಗಾಳಿ ಮರಳನ್ನು ಹೊತ್ತು ತರುತ್ತದೆ, ಏನಾದರೂ ಅಡ್ಡ ಸಿಕ್ಕರೆ ಕೆಳಗೆ ಹಾಕುತ್ತದೆ, ದಿಬ್ಬ ಆಗುತ್ತದೆ. ಬೋರ್ಡಿನ ಮೇಲೆ ಅರ್ಧಚಂದ್ರದ ಚಿತ್ರ ಬರೆದು ಗಾಳಿಯ ಬಾಣ ಹಾಕಿದರೆ ಪಾಠ ಮುಗಿಯಿತು. ಜೇಡಿಮಣ್ಣಿನಿಂದಲೂ ದಿಬ್ಬ ಆಗುತ್ತದೆ ಅಂತ ಯಾರಾದರೂ ಪರೀಕ್ಷೆಯಲ್ಲಿ ಬರೆದಿದ್ದರೆ ಕೆಂಪು ಪೆನ್ನಿನಲ್ಲಿ ಗೀಟು ಹಾಕುತ್ತಿದ್ದೆ.

ನನ್ನ ಮೇಲೇ ಆ ಗೀಟು ಹಾಕಿಕೊಳ್ಳಲು ಟೆಕ್ಸಸ್‌ನ ದಕ್ಷಿಣದ ತುದಿವರೆಗೆ ಹೋಗಬೇಕಾಯಿತು. ಕಾರಣ ಮೊಮ್ಮಗ. ಎಂಟು ವರ್ಷದ ಅವನಿಗೆ ಸದ್ಯಕ್ಕೆ ಆಮೆಯ ಹುಚ್ಚು. ಹೋದ ವರ್ಷ ಡೈನೋಸಾರ್ ಇತ್ತು, ಅದಕ್ಕೂ ಮೊದಲು ಜೆಸಿಬಿ. ಟೆಕ್ಸಸ್‌ನಲ್ಲೇ ಒಂದು ನೆಲದ ಆಮೆ ಇದೆ, ಅದು ಕಳ್ಳಿ ತಿನ್ನುತ್ತದೆ ಅಂತ ಶಾಲೆಯ ಪುಸ್ತಕದಲ್ಲಿ ಓದಿ ಬಂದ. "ಅಜ್ಜ, ಮುಳ್ಳನ್ನೂ ತಿನ್ನುತ್ತದಾ?" ಅಂತ ಕೇಳಿದ. ಗೊತ್ತಿಲ್ಲ ಅಂದೆ. ಅಲ್ಲಿಂದ ಶುರು.

ಗುರುವಾರ

ಹ್ಯೂಸ್ಟನ್‌ನಿಂದ ಬೆಳಿಗ್ಗೆ ಏಳಕ್ಕೆ ಹೊರಟೆವು. ನಾನು, ಮಗಳು, ಮೊಮ್ಮಗ. ಇವಳು, ಅಂದರೆ ನನ್ನ ಹೆಂಡತಿ, ಮೊಣಕಾಲು ನೋವು ಅಂತ ಮನೆಯಲ್ಲೇ ಉಳಿದಳು. ನಾಲ್ಕು ದಿನ ಟೀವಿ ರಿಮೋಟು ಪೂರ್ತಿ ಅವಳದ್ದಾಗುವ ಖುಷಿ ಮುಖದಲ್ಲಿ ಕಾಣುತ್ತಿತ್ತು. ಚಪಾತಿ, ಚಟ್ನಿಪುಡಿ, ಮೊಸರನ್ನದ ಡಬ್ಬಿ ಎಲ್ಲ ಕಟ್ಟಿ ಕೊಟ್ಟಳು.

ಆರು ತಾಸಿನ ದಾರಿ. ಮೊದಲ ಮೂರು ತಾಸಿನ ಬಗ್ಗೆ ಬರೆಯುವಂಥದ್ದು ಏನೂ ಇಲ್ಲ. ಕಿಂಗ್ಸ್‌ವಿಲ್ ದಾಟಿದ ಮೇಲೆ ಊರುಗಳು ನಿಂತೇ ಹೋದವು. ಎಡಬಲ ಎಲ್ಲ ದೊಡ್ಡ ದೊಡ್ಡ ದನದ ಹುಲ್ಲುಗಾವಲುಗಳು. ಅದರಲ್ಲಿ ಕಿಂಗ್ ರ‍್ಯಾಂಚ್ ಒಂದಕ್ಕೇ 8 ಲಕ್ಷ ಎಕರೆಗಿಂತ ಜಾಸ್ತಿ ಜಮೀನು. ಮುಂದಿನ 60 ಮೈಲಿ ಪೆಟ್ರೋಲ್ ಇಲ್ಲ ಅಂತ ಬೋರ್ಡು ಬೇರೆ.

ಆ ಬೇಲಿಯ ಒಳಗೆ ಒಂದು ಪ್ರಾಣಿ ನಿಂತಿತ್ತು. ಕುದುರೆಯಷ್ಟು ಎತ್ತರ, ಬೂದು ನೀಲಿ ಮೈ, ಗಂಟಲಲ್ಲಿ ಬಿಳಿ ಪಟ್ಟೆ, ಗಿಡ್ಡ ಕೊಂಬು. ಕಾರು ನಿಲ್ಲಿಸು ಅಂದೆ.

"ಅಪ್ಪ, ಇಲ್ಲೆಲ್ಲ ನಿಲ್ಲಿಸಲಿಕ್ಕೆ ಬರುವುದಿಲ್ಲ."

"ಕೂಸೇ, ಅದು ನೀಲಗಾಯ್!"

ಹೌದು, ನಮ್ಮ ದೇಶದ್ದೇ ನೀಲಗಾಯ್. ಸುಮಾರು 100 ವರ್ಷದ ಹಿಂದೆ ಬೇಟೆಗೆಂದು ತಂದು ಈ ಹುಲ್ಲುಗಾವಲುಗಳಲ್ಲಿ ಬಿಟ್ಟರು. ಈಗ ದಕ್ಷಿಣ ಟೆಕ್ಸಸ್‌ನಲ್ಲಿ ಸಾವಿರಗಟ್ಟಲೆ ಆಗಿವೆ. ದನಗಳಿಗೆ ಜ್ವರ ತರುವ ಉಣ್ಣೆಯನ್ನು ಹೊತ್ತು ತಿರುಗುತ್ತವೆ ಅಂತ ದನ ಸಾಕುವವರಿಗೆ ಇವುಗಳ ಮೇಲೆ ಸಿಟ್ಟು. ನಾನು ಉತ್ತರ ಕನ್ನಡದವನು, ಊರಲ್ಲಿ ಕಾಡುಕೋಣ ನೋಡಿದ್ದೇನೆ. ಆದರೆ ಬಯಲಲ್ಲಿ ನಿಂತ ನೀಲಗಾಯನ್ನು ಮೊದಲು ನೋಡಿದ್ದು ಅಮೆರಿಕದಲ್ಲಿ!

ಲಾಸ್ ಫ್ರೆಸ್ನೋಸ್ ಎಂಬ ಸಣ್ಣ ಊರಿನ ಹೋಟೆಲಿನಲ್ಲಿ ಉಳಿದೆವು. ರೂಮಿನ ಎಸಿ ಹಳೇ ಲಾರಿಯಂತೆ ರಾತ್ರಿಯಿಡೀ ಗುಡುಗಿತು.

ಶುಕ್ರವಾರ

ಬೆಳಿಗ್ಗೆ ಎಂಟಕ್ಕೇ ಲಗುನಾ ಅಟಸ್ಕೋಸಾ ವನ್ಯಜೀವಿ ಧಾಮ ಸೇರಿದೆವು. 1946ರಲ್ಲಿ ಆದದ್ದು. ಹೆಸರಾಗಿರುವುದು ಓಸೆಲಾಟ್ ಎಂಬ ಚುಕ್ಕೆಗಳ ಕಾಡುಬೆಕ್ಕಿಗೆ. ಇಡೀ ಅಮೆರಿಕದಲ್ಲಿ ಅವು ಉಳಿದಿರುವುದು ನೂರಕ್ಕಿಂತ ಕಡಿಮೆ. ಕಾರಿಗೆ ಸಿಕ್ಕಿ ಸಾಯದಿರಲಿ ಅಂತ ಬರುವ ದಾರಿಯಲ್ಲಿ ರಸ್ತೆಯ ಅಡಿಯಿಂದ ಸುರಂಗ ಮಾಡಿ ಕೊಟ್ಟಿದ್ದಾರೆ. ನಮಗೆ ಬೆಕ್ಕು ಕಾಣಲಿಲ್ಲ, ಅದನ್ನು ನಾವು ನಿರೀಕ್ಷಿಸಿಯೂ ಇರಲಿಲ್ಲ. ಚಾಚಲಾಕ ಎಂಬ ಕೋಳಿಯಂಥ ಹಕ್ಕಿಗಳು ಮಾತ್ರ ಗುಂಪಾಗಿ ಕೂತು ಜಗಳ ಆಡುವ ಹಾಗೆ ಕಿರುಚುತ್ತಿದ್ದವು.

ಕಚೇರಿಯಲ್ಲಿ ಸ್ವಯಂಸೇವಕಿ ಒಬ್ಬರು ಇದ್ದರು. ನನ್ನದೇ ವಯಸ್ಸು, ನನ್ನ ಹಾಗೇ ನಿವೃತ್ತ ಮೇಷ್ಟ್ರು. ಆಮೆ ನೋಡಬೇಕು ಅಂದದ್ದಕ್ಕೆ, "ಆಮೆ ಹುಡುಕಬೇಡಿ, ಮೊದಲು ಲೋಮಾ ಹುಡುಕಿ" ಅಂದರು. ಲೋಮಾ ಅಂದರೆ ಸ್ಪ್ಯಾನಿಷ್‌ನಲ್ಲಿ ಸಣ್ಣ ಗುಡ್ಡ. ಗೋಡೆಯ ನಕ್ಷೆಯಲ್ಲಿ ತೋರಿಸಿದರು. ಸಮುದ್ರದಿಂದ ಪಾದ್ರೆ ದ್ವೀಪ, ಅದರ ಹಿಂದೆ ಲಗುನಾ ಮಾದ್ರೆ ಎಂಬ ಉದ್ದನೆಯ ಹಿನ್ನೀರು, ಅದರ ದಂಡೆಯಲ್ಲಿ ಚಪ್ಪಟೆ ಕೆಸರು ಬಯಲು, ಆ ಬಯಲಲ್ಲಿ ಅಲ್ಲಲ್ಲಿ ಹಸಿರು ಚುಕ್ಕೆಗಳು. ಆ ಚುಕ್ಕೆಗಳೇ ಲೋಮಾ.

"ಮರಳು ದಿಬ್ಬಗಳಾ?" ಅಂತ ಕೇಳಿದೆ.

"ಅಲ್ಲ, ಜೇಡಿಮಣ್ಣು."

ಸುಮ್ನೆ ತಲೆಯಾಡಿಸಿದೆ. ಮನಸ್ಸಿನಲ್ಲಿ ಕೆಂಪು ಪೆನ್ನು ತೆಗೆದಾಗಿತ್ತು. ಜೇಡಿಮಣ್ಣಿನ ಕಣ ಎಷ್ಟು ಸಣ್ಣದು ಅಂದರೆ ಗಾಳಿಗೆ ಸಿಕ್ಕರೆ ಧೂಳಾಗಿ ಎಲ್ಲಿಗೋ ಹೋಗಿಬಿಡಬೇಕು. ಇಲ್ಲವೇ ನೀರು ತಾಗಿ ಅಂಟಿಕೊಂಡು ಏಳಲೇಬಾರದು. ಎರಡೂ ಬಿಟ್ಟು ದಿಬ್ಬ ಹೇಗೆ ಆದೀತು?

ಅವರು ಕೊಟ್ಟ ವಿವರಣೆಯನ್ನು ನಾನು ಅಡುಗೆಮನೆಯ ಮಾತಲ್ಲಿ ಹೇಳುತ್ತೇನೆ. ಮೈದಾ ಊದಿದರೆ ಹಾರಿಹೋಗುತ್ತದೆ. ರವೆ ಊದಿದರೆ ಪುಟಿದು ಪುಟಿದು ಅಲ್ಲೇ ಮುಂದೆ ಬೀಳುತ್ತದೆ. ಇಲ್ಲಿನ ಗುಟ್ಟು ಮೈದಾ ರವೆಯಾಗುವುದರಲ್ಲಿದೆ. ಲಗುನಾ ಮಾದ್ರೆಗೆ ಸೇರುವ ಹೊಳೆಗಳು ಕಡಿಮೆ, ಸರಾಸರಿ ಆಳ ಒಂದು ಮೀಟರ್ ಅಷ್ಟೇ, ಬಿಸಿಲೋ ಬಿಸಿಲು. ಹಾಗಾಗಿ ನೀರು ಸಮುದ್ರಕ್ಕಿಂತ ಉಪ್ಪು. ಗಾಳಿ ತಳ್ಳಿದಾಗ, ಉಬ್ಬರ ಬಂದಾಗ ಆ ಉಪ್ಪುನೀರು ಕೆಸರು ಬಯಲಿನ ಮೇಲೆ ಹರಡುತ್ತದೆ. ಆಮೇಲೆ ಒಣಗುತ್ತದೆ. ಒಣಗುವಾಗ ಕೆಸರಿನ ಒಳಗೇ ಉಪ್ಪಿನ ಹರಳು ಬೆಳೆದು ಮೇಲಿನ ಪದರವನ್ನು ಉಬ್ಬಿಸಿ ಪುಡಿ ಮಾಡುತ್ತದೆ. ಆ ಪುಡಿ ಬಿಡಿ ಕಣಗಳ ಧೂಳಲ್ಲ. ನೂರಾರು ಕಣ ಅಂಟಿಕೊಂಡ ಸಣ್ಣ ಸಣ್ಣ ಉಂಡೆ. ಗಾತ್ರದಲ್ಲಿ ಥೇಟ್ ಮರಳು. ನಮ್ಮ ಚಿರೋಟಿ ರವೆ ಅಂದುಕೊಳ್ಳಿ.

ಆಗ್ನೇಯದಿಂದ ಬೀಸುವ ಗಾಳಿ ಈ ರವೆಯನ್ನು ಉರುಳಿಸಿಕೊಂಡು ಹೋಗಿ ಬಯಲಿನ ವಾಯವ್ಯ ಅಂಚಿನಲ್ಲಿ ಯಾವುದೋ ಗಿಡದ ಬುಡದಲ್ಲಿ ಹಾಕುತ್ತದೆ. ರಾತ್ರಿಯ ಇಬ್ಬನಿಗೋ ಮಳೆಗೋ ರವೆ ನೆನೆದು ಮುದ್ದೆಯಾಗುತ್ತದೆ. ಮುದ್ದೆ ಒಣಗಿದರೆ ಗಟ್ಟಿ. ಮರಳು ದಿಬ್ಬದ ಹಾಗೆ ಇದು ಮತ್ತೆ ಎದ್ದು ನಡೆಯುವುದಿಲ್ಲ. ಕೂತಲ್ಲೇ ಪದರದ ಮೇಲೆ ಪದರ ಬೆಳೆಯುತ್ತದೆ. ಸಾವಿರಾರು ವರ್ಷ ಹೀಗೆ ಬೆಳೆದು ಕೆಲವು ಕಡೆ 9 ಮೀಟರ್ ಎತ್ತರ ಆಗಿವೆ. ಸುತ್ತಲಿನ ನೆಲ ಸಮುದ್ರಕ್ಕಿಂತ ಒಂದು ಮೀಟರ್ ಕೂಡ ಮೇಲಿಲ್ಲ ಅಂದಾಗ 9 ಮೀಟರ್ ಅಂದರೆ ಪರ್ವತವೇ!

ಇದು ಹೊಸ ಸಂಗತಿಯೂ ಅಲ್ಲ. ಜಾರ್ಜ್ ಕಾಫಿ ಎಂಬ ಮಣ್ಣಿನ ತಜ್ಞ 1909ರಲ್ಲೇ ಈ ಕರಾವಳಿಯ ಜೇಡಿ ದಿಬ್ಬಗಳ ಬಗ್ಗೆ ಬರೆದಿದ್ದಾನೆ. ಆಸ್ಟ್ರೇಲಿಯಾದ ಉಪ್ಪು ಕೆರೆಗಳ ದಂಡೆಯಲ್ಲೂ ಇಂಥವು ಇವೆ. ನಾನು ಹುಟ್ಟುವುದಕ್ಕೂ ಎಷ್ಟೋ ಮೊದಲಿನ ಮಾತು. ಸಾಣಿಕಟ್ಟಾದ ಉಪ್ಪಿನ ಆಗರಕ್ಕೆ ಪ್ರತಿ ವರ್ಷ ಮಕ್ಕಳನ್ನು ಕರೆದುಕೊಂಡು ಹೋಗುತ್ತಿದ್ದೆ. ಅಲ್ಲಿ ಆಗರದ ಬದಿಯ ಮಣ್ಣು ಹಪ್ಪಳದ ಹಾಗೆ ಸುರುಳಿ ಎದ್ದು, ಕಾಲಿಟ್ಟರೆ ಪುಡಿಯಾಗುವುದನ್ನು ನೋಡಿದ್ದೇನೆ. ನೋಡಿದ್ದೆ ಅಷ್ಟೇ, ಯಾಕೆ ಅಂತ ಕೇಳಿಕೊಂಡಿರಲಿಲ್ಲ.

ಹತ್ತು ಗಂಟೆಯ ಮೇಲೆ ಒಂದು ಲೋಮಾದ ಅಂಚಿನ ಕಾಲುದಾರಿಗೆ ಬಂದೆವು. ಕೆಳಗೆ ಬಯಲಲ್ಲಿ ಇದ್ದದ್ದು ಉಪ್ಪು ತಡೆಯುವ ಗಿಡಗಳು ಮಾತ್ರ. ಬೆರಳಿನ ಗೆಣ್ಣುಗಳಂತೆ ರಸ ತುಂಬಿದ ಸಣ್ಣ ಗಿಡ, ಮೊಣಕಾಲಿಗೆ ಚುಚ್ಚುವ ಒರಟು ಹುಲ್ಲು, ಹಳದಿ ಹೂವಿನ ಕಡಲ ಸೇವಂತಿಗೆಯಂಥದ್ದು. ಐದಾರು ಅಡಿ ಏರಿದೆವು, ಅಷ್ಟೇ. ನೋಟವೇ ಬದಲಾಯಿತು. ಮಳೆ ಬಿದ್ದು ಬಿದ್ದು ಮೇಲಿನ ಮಣ್ಣಿನ ಉಪ್ಪು ತೊಳೆದುಹೋಗಿರುತ್ತದಲ್ಲ, ಅಲ್ಲಿ ಕಾಡೇ ಇದೆ. ಮುಳ್ಳಿನ ಕಾಡು.

ಇಲ್ಲಿ ನನಗೆ ಆದ ಖುಷಿ ಬೇರೆ. ಪಾಪಾಸುಕಳ್ಳಿ ಹಳದಿ ಹೂ ಬಿಟ್ಟಿತ್ತು. ಮೆಸ್ಕೀಟ್ ಎಂಬ ಮರ ನಮ್ಮ ಬಳ್ಳಾರಿ ಜಾಲಿಯ ಖಾಸಾ ನೆಂಟ. ಎಬೊನಿ ಎಂಬ ದಟ್ಟ ಹಸಿರಿನ ಮರವನ್ನು ಹಿಂದೆ ಸಸ್ಯತಜ್ಞರು ನಮ್ಮ ಸೀಮೆ ಹುಣಸೆಯ ಕುಲದಲ್ಲೇ ಇಟ್ಟಿದ್ದರು. ಕತ್ತಾಳೆಗೆ ಕಾಂಡ ಬಂದ ಹಾಗಿರುವ ಯುಕ್ಕಾ, ಅದರ ತುದಿಯಲ್ಲಿ ಗೂಡು. ನಮ್ಮೂರ ಬೇಲಿಗೆ, ಗೋಮಾಳಕ್ಕೆ ಪರದೇಶಿಯಾಗಿ ಬಂದು ನಾವು ಬೈದು ಬೈದು ಕಡಿಯುವ ಗಿಡಗಳೆಲ್ಲ ಇಲ್ಲಿ ಸ್ವಂತ ಮನೆಯಲ್ಲಿ ಎಷ್ಟು ಗೌರವವಾಗಿ ಇವೆ! ತಿರುಗಾ ಮುರುಗಾ ಒಂದಿದೆ. ನಮ್ಮ ಹೈನುಗಾರರು ನೆಟ್ಟು ಬೆಳೆಸುವ ಗಿನಿ ಹುಲ್ಲು ಇಲ್ಲಿ ದೊಡ್ಡ ಪೀಡೆ. ಆಫ್ರಿಕಾದ ಹುಲ್ಲು ಅದು. ಪೊದೆಗಳ ನಡುವಿನ ಖಾಲಿ ನೆಲವನ್ನೆಲ್ಲ ತುಂಬಿಬಿಡುತ್ತದೆ. ಆಮೆಗೆ ನಡೆಯಲು ದಾರಿ ಇಲ್ಲ, ಬಿಸಿಲು ಕಾಯಲು ಜಾಗ ಇಲ್ಲ. ಒಣಗಿದರೆ ಬೆಂಕಿ ಹಿಡಿಯುತ್ತದೆ.

ಒಂದು ತಾಸು ಏನೂ ಸಿಗಲಿಲ್ಲ. ಮೊಮ್ಮಗನ ಮುಖ ಬಾಡಿತು. ಮಗಳು ನೀರಿನ ಬಾಟಲಿ ತೆಗೆಯಲು ಬಗ್ಗಿದವಳು ಹಾಗೇ ನಿಂತಳು.

"ಅಪ್ಪ, ಮಾತಾಡಬೇಡ."

ಕಳ್ಳಿ ಪೊದೆಯ ಬುಡದಲ್ಲಿ ಒಂದು ಕಲ್ಲು. ಕಲ್ಲಿಗೆ ಕಣ್ಣು ಇತ್ತು.

ಒಂದು ಗೇಣು ಉದ್ದ ಇರಬಹುದು. ಉತ್ತರ ಅಮೆರಿಕದ ನೆಲದ ಆಮೆಗಳಲ್ಲಿ ಇದೇ ಅತಿ ಚಿಕ್ಕದು. ದೊಡ್ಡದೆಂದರೂ 20 ಸೆಂಟಿಮೀಟರಿನ ಸುತ್ತಮುತ್ತ. ಚಿಪ್ಪು ಎತ್ತರ, ದುಂಡಗೆ, ಒಂದೊಂದು ಫಲಕದ ನಡುವೆ ಮಾಸಲು ಹಳದಿ. ಕೋಲಾರದ ಕಡೆಯ ನಕ್ಷತ್ರ ಆಮೆಯಷ್ಟು ಸಿಂಗಾರ ಇಲ್ಲ, ಕೆಲಸಕ್ಕೆ ಹೊರಟ ಬಟ್ಟೆ ಹಾಕಿಕೊಂಡ ಹಾಗೆ ಇತ್ತು. ಕುತ್ತಿಗೆಯ ಕೆಳಗೆ ಚಿಪ್ಪು ಮುಂದಕ್ಕೆ ಚಾಚಿಕೊಂಡು ಕವಲಾಗಿತ್ತು. ಅದು ಗಂಡಿನ ಗುರುತು. ಗಂಡುಗಳು ಜಗಳಕ್ಕೆ ಬಿದ್ದರೆ ಆ ಕವಲನ್ನು ಎದುರಾಳಿಯ ಅಡಿಗೆ ತೂರಿಸಿ ಮಗುಚಿ ಹಾಕುತ್ತವಂತೆ. ಮಗುಚಿ ಬಿದ್ದವನು ಬಿಸಿಲೇರುವ ಮೊದಲು ಎದ್ದರೆ ಬದುಕಿದ.

ಆಮೆ ಕೂತಿದ್ದ ಜಾಗವನ್ನೇ ನಾನು ಜಾಸ್ತಿ ನೋಡಿದೆ. ಇದರ ನೆಂಟ ಆಮೆಗಳು ಫ್ಲಾರಿಡಾದಲ್ಲಿ, ಮೊಹಾವಿ ಮರುಭೂಮಿಯಲ್ಲಿ ಉದ್ದುದ್ದ ಬಿಲ ತೋಡುತ್ತವೆ. ಇದು ಇಲ್ಲಿ ತೋಡುವುದಿಲ್ಲ. ಒಣಗಿದ ಜೇಡಿಮಣ್ಣು ಹೇಗಿರುತ್ತದೆ ಅಂತ ಎರೆ ಹೊಲದಲ್ಲಿ ಬೇಸಿಗೆಯಲ್ಲಿ ಗುದ್ದಲಿ ಹಾಕಿದವರನ್ನು ಕೇಳಿ. ಪೊದೆಯ ಅಡಿಯಲ್ಲಿ ಮುಂಗಾಲಿನಿಂದ ಸ್ವಲ್ಪ ಕೆರೆದು ಒಂದು ತಟ್ಟೆಯಷ್ಟು ತಗ್ಗು ಮಾಡಿಕೊಳ್ಳುತ್ತದೆ, ಅಷ್ಟೇ. ಚಿಪ್ಪಿನ ಮುಂಭಾಗ ಅದರಲ್ಲಿ ಕೂತರೆ ಸಾಕು. ಮತ್ತೆ ಮತ್ತೆ ಅದೇ ತಗ್ಗಿಗೆ ಬಂದು ಕೂರುವುದರಿಂದ ಅದು ನುಣ್ಣಗೆ, ದೇವಸ್ಥಾನದ ಮೆಟ್ಟಿಲಿನ ಹಾಗೆ ಸವೆದಿರುತ್ತದೆ. ಅಂದರೆ ಇದಕ್ಕೆ ಮನೆ ಅಂದರೆ ಬಿಲ ಅಲ್ಲ, ನೆರಳು. ನೆರಳು ಕೊಡುವ ಪೊದೆ ಹೋದರೆ ಮನೆ ಹೋಯಿತು.

ಸ್ವಲ್ಪ ಹೊತ್ತಿಗೆ ಅದು ಕತ್ತು ಚಾಚಿ, ಕೆಳಗೆ ಬಿದ್ದಿದ್ದ ಕಳ್ಳಿ ಹೂವಿನ ಎಸಳನ್ನು ಕಚ್ಚಿ ಎಳೆಯಿತು. ಆಮೇಲೆ ನೆಲಕ್ಕೆ ವಾಲಿದ್ದ ಎಳೆ ಕಳ್ಳಿಯ ಅಂಚನ್ನು ಕಚ್ಚಿತು. ಮುಳ್ಳು? ಎಳೆಯದರಲ್ಲಿ ಮುಳ್ಳು ಮೆತ್ತಗೆ. ಬಲಿತದ್ದರ ಗೊಡವೆಗೆ ಅದು ಹೋಗಲಿಲ್ಲ. ಮೊಮ್ಮಗನ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿತು. ಬೇಸಿಗೆಯಲ್ಲಿ ಕಳ್ಳಿ ಹಣ್ಣಾದಾಗ ಬಂದರೆ ಇವುಗಳ ಬಾಯಿ ಎಲೆಯಡಿಕೆ ಹಾಕಿದವರ ಹಾಗೆ ಕೆಂಪಾಗಿರುತ್ತದಂತೆ. ನೀರು ಕೂಡ ಮುಖ್ಯವಾಗಿ ಕಳ್ಳಿಯಿಂದಲೇ ಸಿಗುವುದು.

ಮೊಮ್ಮಗ ಮುಟ್ಟಲು ಕೈ ಚಾಚಿದ. ಮಗಳು ತಡೆದಳು. ಬೆಳಿಗ್ಗೆ ಸ್ವಯಂಸೇವಕಿ ಹೇಳಿದ್ದರು: ಹೆದರಿದರೆ ಮೂತ್ರ ಬಿಟ್ಟುಬಿಡುತ್ತದೆ, ಅದು ಒಣಗಾಲಕ್ಕೆಂದು ಒಳಗೆ ಕೂಡಿಟ್ಟ ನೀರು. ಅದನ್ನು ಕಳೆದುಕೊಂಡರೆ ಮುಂದಿನ ಮಳೆವರೆಗೆ ತಾಳುವುದು ಕಷ್ಟ. 1977ರಿಂದ ಟೆಕ್ಸಸ್ ಕಾನೂನಿನಲ್ಲಿ ಇದು ಅಪಾಯದಲ್ಲಿರುವ ಜೀವಿ. ಹಿಡಿಯುವಂತಿಲ್ಲ, ಸಾಕುವಂತಿಲ್ಲ. ರಸ್ತೆ ದಾಟುತ್ತಿದ್ದರೆ ಮಾತ್ರ ಅದು ಹೊರಟ ದಿಕ್ಕಿಗೇ ದಾಟಿಸಿ ಬಿಡಬಹುದು. ನಮ್ಮಲ್ಲಿ ನಕ್ಷತ್ರ ಆಮೆಗಳನ್ನು ಚೀಲದಲ್ಲಿ ತುಂಬಿ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಸಿಕ್ಕಿಬೀಳುವ ಸುದ್ದಿ ಆಗಾಗ ಬರುತ್ತದಲ್ಲ, ಮಗನಿಗೆ ಅದನ್ನು ಹೇಳುತ್ತಾ ಮಗಳು ಅರ್ಧ ತಾಸು ಪಾಠ ಮಾಡಿದಳು. ಮೇಷ್ಟ್ರ ಮಗಳು.

ರಾತ್ರಿ ಹೋಟೆಲಿನಲ್ಲಿ ಸ್ವಲ್ಪ ಓದಿದೆ. ಈ ದಿಬ್ಬಗಳ ಆಮೆಗಳ ಬಗ್ಗೆ ಮೊದಲ ದೊಡ್ಡ ಅಧ್ಯಯನ ಬಂದದ್ದು 1969ರಲ್ಲಿ, ವಾಲ್ಟರ್ ಆಫನ್‌ಬರ್ಗ್ ಮತ್ತು ವೀವರ್ ಎಂಬ ಇಬ್ಬರಿಂದ. ಆಫನ್‌ಬರ್ಗ್ ಆಮೇಲೆ ಕೊಮೊಡೊ ದ್ವೀಪಕ್ಕೆ ಹೋಗಿ ದೈತ್ಯ ಉಡಗಳ ನಡುವೆ ಸಂಸಾರ ಸಮೇತ ಇದ್ದು ಬಂದವನು. ನಮ್ಮ ಕಡೆಯ ಉಡದ ಬಗ್ಗೆಯೂ ಕೆಲಸ ಮಾಡಿದ್ದಾನೆ. ಈ ಆಮೆಯ ವೈಜ್ಞಾನಿಕ ಹೆಸರು ಗೋಫೆರಸ್ ಬೆರ್ಲಾಂಡಿಯೆರಿ. ಆ ಹೆಸರಿನಲ್ಲಿರುವ ಬೆರ್ಲಾಂಡಿಯೇ ಇನ್ನೂ ಹಿಂದಿನವನು. ಫ್ರಾನ್ಸಿನಲ್ಲಿ ಹುಟ್ಟಿ, ಮೆಕ್ಸಿಕೋದ ಗಡಿ ಸಮೀಕ್ಷೆಯವರ ಜೊತೆ ಈ ಕಡೆ ಬಂದು, ಇಲ್ಲೇ ರಿಯೋ ಗ್ರಾಂಡೆ ನದಿಯಾಚೆ ಮೆಕ್ಸಿಕೋದ ಮತಮೊರೋಸ್‌ನಲ್ಲಿ ನೆಲೆ ನಿಂತು, ಗಿಡ ಪ್ರಾಣಿ ಕೂಡಿಸುತ್ತಾ ಇದ್ದ. 1851ರಲ್ಲಿ ಹೊಳೆ ದಾಟುವಾಗ ಮುಳುಗಿ ಸತ್ತ. ಆಮೆಗೆ ಅವನ ಹೆಸರು ಬಿದ್ದದ್ದು 1857ರಲ್ಲಿ, ಅವನಿಗೆ ಗೊತ್ತಾಗಲೇ ಇಲ್ಲ.

ಶನಿವಾರ

ಈ ದಿನದ ಜಾಗ ಬಹಿಯಾ ಗ್ರಾಂಡೆ. ಪೋರ್ಟ್ ಇಸಬೆಲ್ ಕಡೆಗೆ ಹೋಗುವ ಹೆದ್ದಾರಿಯ ಬದಿಯಲ್ಲೇ ಇದೆ. ನನ್ನ ಮಟ್ಟಿಗೆ ಇಡೀ ಪ್ರವಾಸದಲ್ಲಿ ಮುಖ್ಯವಾದ ಜಾಗ ಇದೇ, ನೋಡಲು ಏನೂ ಇಲ್ಲದಿದ್ದರೂ. ಆಳವಿಲ್ಲದ ನೀರು, ಕೆಸರು, ದೂರದಲ್ಲಿ ಕಪ್ಪು ಹಸಿರಿನ ಒಂದೆರಡು ಲೋಮಾ, ಒಂಟಿ ಕಾಲಲ್ಲಿ ನಿಂತ ಬೆಳ್ಳಕ್ಕಿಯಂಥ ಹಕ್ಕಿಗಳು.

1930ರ ದಶಕದಲ್ಲಿ ಬ್ರೌನ್ಸ್‌ವಿಲ್ ಬಂದರಿಗೆ ಹಡಗು ಬರಲೆಂದು ಕಾಲುವೆ ತೋಡಿದರು. 1936ರಲ್ಲಿ ಬಂದರು ಶುರುವಾಯಿತು. ತೋಡಿದ ಮಣ್ಣಿನ ಏರಿಯಿಂದ ಈ ಹಿನ್ನೀರಿಗೆ ಬರುತ್ತಿದ್ದ ಉಬ್ಬರದ ದಾರಿ ಮುಚ್ಚಿತು. ನಮ್ಮ ಅಘನಾಶಿನಿ ಅಳಿವೆಯ ಬಾಯಿಗೆ ಯಾರೋ ಕಟ್ಟೆ ಕಟ್ಟಿದರೆ ಹೇಗೋ ಹಾಗೆ. ಸುಮಾರು 6,500 ಎಕರೆ ಒಣಗಿ ಬೋಳಾಯಿತು. ಮುಂದೆ ಸುಮಾರು 70 ವರ್ಷ ಗಾಳಿ ಎದ್ದಾಗಲೆಲ್ಲ ಜೇಡಿಮಣ್ಣಿನ ಧೂಳು ಸುತ್ತಲಿನ ಊರುಗಳ ಮೇಲೆ ಬೀಳುತ್ತಿತ್ತು. ಮನೆ, ಶಾಲೆ, ಯಂತ್ರ ಯಾವುದನ್ನೂ ಬಿಡದೆ.

ಅಲ್ಲಿ ನಿಂತು ನನಗೆ ಹೊಳೆದದ್ದು ಇದು. ಅದೇ ಜೇಡಿ, ಅದೇ ಗಾಳಿ, ಅದೇ ಉಪ್ಪು. ನೀರು ಬಂದು ಹೋಗಿ ಬಂದು ಹೋಗಿ ಮಾಡುತ್ತಿದ್ದಾಗ ಅದು ರವೆಯಾಗಿ ಪಕ್ಕದಲ್ಲೇ ಕೂತು ದಿಬ್ಬ ಕಟ್ಟಿತು, ದಿಬ್ಬದ ಮೇಲೆ ಕಳ್ಳಿ, ಕಳ್ಳಿಯ ಕೆಳಗೆ ಆಮೆ. ನೀರು ಬರುವುದೇ ನಿಂತಾಗ ಅದು ಜನರ ಅನ್ನದ ತಟ್ಟೆಗೆ ಬಿತ್ತು. ನಮ್ಮೂರ ಗಜನಿ ಗದ್ದೆಯವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಉಪ್ಪುನೀರು ಯಾವಾಗ ಒಳಗೆ ಬರಬೇಕು, ಯಾವಾಗ ಹೊರಗೆ ಹೋಗಬೇಕು ಅನ್ನುವುದರ ಮೇಲೇ ಅವರ ಕಗ್ಗ ಭತ್ತ ನಿಂತಿರುವುದು ಅಲ್ವಾ?

2005ರಲ್ಲಿ ಹಡಗು ಕಾಲುವೆಯಿಂದ ಒಂದು ತೋಡು ತೆಗೆದು ಮತ್ತೆ ನೀರು ಬಿಟ್ಟರು. ಧೂಳು ಅಡಗಿತು. ಮೀನು, ಸೀಗಡಿ ಬಂದವು. ದಂಡೆಯಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಸಸಿ ನೆಟ್ಟರು. ನಡುವಿನ ಲೋಮಾಗಳು ಮತ್ತೆ ದ್ವೀಪಗಳಾದವು.

ದ್ವೀಪ ಅನ್ನುವುದು ಆಮೆಗೆ ಒಳ್ಳೆಯದೂ ಹೌದು, ಕಷ್ಟವೂ ಹೌದು. ಚಂಡಮಾರುತ ಬಂದಾಗ ಇಡೀ ಬಯಲು ಮುಳುಗುತ್ತದೆ. 1967ರ ಬ್ಯೂಲಾ ಹೀಗೇ ಮುಳುಗಿಸಿತ್ತು. ಆಗ ಒಣಗಿ ಉಳಿಯುವ ನೆಲ ಲೋಮಾ ಮಾತ್ರ. ಮೊಟ್ಟೆ ಇಡಲಿಕ್ಕೂ ನೀರು ನಿಲ್ಲದ ಜಾಗವೇ ಬೇಕು. ಒಮ್ಮೆಗೆ ಇಡುವುದೇ ಬೆರಳೆಣಿಕೆಯ ಮೊಟ್ಟೆ. ಮಣ್ಣಿನ ಬಿಸಿ ನೋಡಿಕೊಂಡು ಮರಿ ಗಂಡೋ ಹೆಣ್ಣೋ ಆಗುತ್ತದೆ. ಹೀಗಾಗಿ ಒಳನಾಡಿನ ಆಮೆಗಳು ದೂರ ದೂರ ತಿರುಗಿದರೂ ಇಲ್ಲಿನವು ತಮ್ಮ ದಿಬ್ಬದ ಸುತ್ತಲೇ ಒತ್ತೊತ್ತಾಗಿ ಬದುಕುತ್ತವೆ. ಕಷ್ಟ ಏನೆಂದರೆ ಒಂದು ದಿಬ್ಬ ಕೆಟ್ಟರೆ ಪಕ್ಕದ ದಿಬ್ಬಕ್ಕೆ ಹೋಗಲು ಉಪ್ಪಿನ ಬಯಲು ದಾಟಬೇಕು. ನೆರಳಿಲ್ಲ, ತಿನ್ನಲು ಏನೂ ಇಲ್ಲ. ನಡುವೆ ರಸ್ತೆ ಇದ್ದರಂತೂ ಕೇಳುವುದೇ ಬೇಡ. ಜೊತೆಗೆ ಕಡಲು ಏರುತ್ತಿದೆ. ಅಡಿಗಳ ಲೆಕ್ಕದಲ್ಲಿ ಬದುಕುವ ಪ್ರಾಣಿಗೆ ಒಂದಡಿ ಸಣ್ಣ ಮಾತಲ್ಲ.

ಮಧ್ಯಾಹ್ನ ಮೇಲೆ ಬ್ರೌನ್ಸ್‌ವಿಲ್‌ನಿಂದ 4ನೇ ನಂಬರಿನ ರಸ್ತೆ ಹಿಡಿದು ಬೋಕಾ ಚಿಕಾ ಕಡೆ ಹೋದೆವು. ದಾರಿಯಲ್ಲಿ ಪಾಲ್ಮಿಟೊ ಎಂಬ ದಿಬ್ಬದ ಹತ್ತಿರ ಫಲಕ ಇದೆ. 1865ರ ಮೇ 12-13ರಂದು ಅಮೆರಿಕದ ಅಂತರ್ಯುದ್ಧದ ಕೊನೆಯ ಕಾಳಗ ನಡೆದ ಜಾಗ. ದಕ್ಷಿಣದವರ ಸೇನಾಪತಿ ಲೀ ಶರಣಾಗಿ ತಿಂಗಳು ದಾಟಿತ್ತು, ಆದರೂ ಇಲ್ಲಿ ಹೊಡೆದಾಡಿದರು. ಚಪ್ಪಟೆ ನೆಲದಲ್ಲಿ ಯಾರಿಗಾದರೂ ಬೇಕಾಗುವುದು ನಾಲ್ಕು ಅಡಿ ಎತ್ತರವೇ.

ಅಲ್ಲಿಂದಲೇ ಕಾಣುತ್ತದೆ, ಸ್ಪೇಸ್‌ಎಕ್ಸ್ ಕಂಪನಿಯ ಸ್ಟಾರ್‌ಶಿಪ್ ರಾಕೆಟ್ಟಿನ ಗೋಪುರ. ಮೊಮ್ಮಗ ಆಮೆಯನ್ನು ಮರೆತೇಬಿಟ್ಟ. ನಾನೂ ಬಾಯಿ ಬಿಟ್ಟುಕೊಂಡು ನೋಡಿದೆ, ಸುಳ್ಳು ಯಾಕೆ ಹೇಳಲಿ. ಲೋಮಾಗಳು, ಕೆಸರು ಬಯಲು, ಅದರ ಹಿಂದೆ ಆಕಾಶಕ್ಕೆ ನೆಟ್ಟ ಉಕ್ಕಿನ ಗೋಪುರ. 2023ರ ಏಪ್ರಿಲ್ 20ರಂದು ಪೂರ್ಣ ರಾಕೆಟ್ಟಿನ ಮೊದಲ ಹಾರಾಟದಲ್ಲಿ ಕೆಳಗಿನ ಕಾಂಕ್ರೀಟು ಒಡೆದು ಚೂರುಗಳು ಬಯಲಿನ ಮೇಲೆಲ್ಲ ಬಿದ್ದವು, 3.5 ಎಕರೆ ಹುಲ್ಲು ಸುಟ್ಟಿತು. ಮಂಗಳಕ್ಕೆ ಹೋಗುವವರು ಹೋಗಲಿ, ನನ್ನ ತಕರಾರಿಲ್ಲ. ಆದರೆ ಇಷ್ಟು ಕಡಿಮೆ ಇರುವ ಎತ್ತರದ ನೆಲಕ್ಕೆ ಆಮೆ, ಕಾಡುಬೆಕ್ಕು, ರಸ್ತೆ, ಬಂದರು, ರಾಕೆಟ್ಟು ಎಲ್ಲರೂ ಕೈ ಚಾಚಿದರೆ ಯಾರ ಕೈ ಉದ್ದ ಅಂತ ಗೊತ್ತಿರುವ ವಿಷಯ.

ವಾಪಸ್ ಬರುವಾಗ ಮೊಮ್ಮಗ ಕೆಸರು ಬಯಲು ಒಣಗಿದೆ ಅಂದುಕೊಂಡು ಓಡಿದ. ಮೇಲೆ ಬಿಳಿ ಪದರ, ಒಳಗೆ ಬೆಣ್ಣೆ. ಮೊಣಕಾಲಿನವರೆಗೆ ಹೂತ. ಅವನನ್ನು ಎಳೆಯಲು ಹೋಗಿ ನನ್ನ ಬೂಟು ಅಲ್ಲೇ ಸಿಕ್ಕಿಕೊಂಡಿತು. ಮಗಳು ಇಬ್ಬರ ಫೋಟೋ ತೆಗೆದ ಮೇಲೆಯೇ ಸಹಾಯಕ್ಕೆ ಬಂದದ್ದು.

ಭಾನುವಾರ

ರಾತ್ರಿ ಮಳೆ ಬಂದಿತ್ತು. ಹೊರಡುವ ಮೊದಲು ಇನ್ನೊಮ್ಮೆ ಅದೇ ಕಳ್ಳಿ ಪೊದೆ ನೋಡಿ ಬರೋಣ ಅಂತ ಹೋದೆವು. ಮೊನ್ನೆ ಇಟ್ಟಿಗೆಯಂತಿದ್ದ ದಾರಿ ಈಗ ಬೂಟಿಗೆ ಅಂಟಿ ಅಂಟಿ ಒಂದೊಂದು ಕಾಲು ಎರಡೆರಡು ಕಿಲೋ ಆಯಿತು. ಆಮೆ ಪೊದೆಯಲ್ಲಿ ಇರಲಿಲ್ಲ. ತಗ್ಗಿನಲ್ಲಿ ಸ್ವಲ್ಪ ನೀರು ನಿಂತಿತ್ತು. ಹತ್ತು ಹೆಜ್ಜೆ ಆಚೆ, ದಾರಿಯ ನಡುವಿನ ಸಣ್ಣ ಹೊಂಡದಲ್ಲಿ ಮೂತಿ ಇಟ್ಟುಕೊಂಡು ಒಂದು ಆಮೆ ನೀರು ಕುಡಿಯುತ್ತಿತ್ತು. ಅದೇನಾ, ಬೇರೆಯಾ ಗೊತ್ತಿಲ್ಲ. ಮೊಮ್ಮಗ ಅದೇ ಅಂದ. ಕುಡಿದು ಮುಗಿಯುವವರೆಗೆ ನಿಂತಿದ್ದೆವು. ಇಪ್ಪತ್ತು ನಿಮಿಷ ಆಗಿರಬೇಕು. ಮೂವರಲ್ಲಿ ಒಬ್ಬರೂ ಮೊಬೈಲ್ ತೆಗೆಯಲಿಲ್ಲ.

ಉತ್ತರಕ್ಕೆ ಹೋಗುವಾಗ ಸರಿಟಾ ಎಂಬಲ್ಲಿ ಗಡಿ ಪೊಲೀಸರ ತಪಾಸಣೆ ಇದೆ. ಎಲ್ಲ ಗಾಡಿ ನಿಲ್ಲಿಸಲೇಬೇಕು. ಮೆಕ್ಸಿಕೋ ಹತ್ತಿರ ತಿರುಗಲು ಹೋಗುವ ನಮ್ಮವರು ನೆನಪಿಡಿ, ಪಾಸ್‌ಪೋರ್ಟ್ ಕೈಯಲ್ಲೇ ಇರಲಿ. ನನ್ನದು ಡಿಕ್ಕಿಯ ಚೀಲದಲ್ಲಿ, ಕೆಸರು ಬಟ್ಟೆಯ ಅಡಿಯಲ್ಲಿ ಇತ್ತು. ಪುಟ ತಿರುಗಿಸಿದ ಅಧಿಕಾರಿಯ ಬೆರಳಿಗೂ ಲೋಮಾದ ಮಣ್ಣು ಹತ್ತಿತು.

"ಏನು ನೋಡಲು ಹೋಗಿದ್ದಿರಿ?"

"ಆಮೆ" ಅಂದ ಮೊಮ್ಮಗ.

ಅವರು ನನ್ನ ಮುಖ ನೋಡಿದರು. ನಾನು ಹೌದು ಅಂತ ತಲೆಯಾಡಿಸಿದೆ. ಹೋಗಿ ಅಂದರು.

ಮೂರು ದಿನದ ನಂತರ ಬಾಲ್ಕನಿಯಲ್ಲಿಟ್ಟಿದ್ದ ಬೂಟಿನ ಮಣ್ಣು ಒಣಗಿ ಉದುರಿತ್ತು. ಇವಳು ಗುಡಿಸಲು ಹೊರಟಿದ್ದಳು, ಮೊಮ್ಮಗ ಬಿಡಲಿಲ್ಲ. ಚಿವುಟಿ ಚಿವುಟಿ ಪುಡಿ ಮಾಡಿ, ಒಂದು ತಟ್ಟೆಯಲ್ಲಿ ಹರಡಿ, ಟೇಬಲ್ ಫ್ಯಾನ್ ಹಚ್ಚಿದ. ಎದುರಿಗೆ ಅಡ್ಡವಾಗಿ ತುಳಸಿ ಕುಂಡ ಇಟ್ಟಿದ್ದ. ಧೂಳು ಅಡುಗೆಮನೆಯವರೆಗೆ ಹೋಯಿತು. ಇವಳ ಕೂಗು ಪಕ್ಕದ ಮನೆಯವರೆಗೆ.

"ಅಜ್ಜ, ದಿಬ್ಬ ಆಗಲೇ ಇಲ್ಲ."

"ಉಪ್ಪು ಹಾಕಿದೆಯಾ? ನೀರು?"

ಅವನು ಉಪ್ಪಿನ ಡಬ್ಬಿ ತರಲು ಒಳಗೆ ಓಡಿದ. ನಾನು ಫ್ಯಾನಿನ ವೇಗ ಒಂದಕ್ಕೆ ಇಳಿಸಿ ಕಾಯುತ್ತಾ ಕೂತೆ.